ಅಧ್ಯಕ್ಷರಿಗೆ ನೇರ ಕಾಗದ

1961ರಿಂದ 1963ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ ಅವರು ವಿದೇಶಾಂಗ ಇಲಾಖೆಯನ್ನು ಬದಿಗಿಟ್ಟು, ಅಧ್ಯಕ್ಷ ಕೆನಡಿಯವರಿಗೇ ನೇರವಾಗಿ ಪತ್ರ ಬರೆಯುತ್ತಿದ್ದುದರಿಂದ, ಆ ಇಲಾಖೆಯ ಇಬ್ಬರು ಕಾಲ್ಪನಿಕ ಗುಮಾಸ್ತರು ಹೀಗೆ ಮಾತಾಡಿಕೊಂಡಿರಬಹುದೆಂದು ಊಹಿಸಿದರೆ ತಪ್ಪಾಗಲಾರದು.

“ಸ್ವಾಮಿ, ದೆಹಲಿಯಲ್ಲಿರುವವರಿಗೆ ವಿಯೆಟ್ನಾಮಿನ ಉಸಾಬರಿ ಏಕೆ?”

“ಅಲ್ಲಿ ಫ್ರೆಂಚರ ಜಾಗದಲ್ಲಿ ನಾವು ಕುಳಿತರೆ ಅವರಂತೆಯೇ ನೆತ್ತರು ಸುರಿಸಬೇಕಾದೀತೆಂಬ ಎಚ್ಚರಿಕೆಯಂತೆ.”

“ಅದು ನಿಜವೇ?”

“ನಿಜವೋ ಸುಳ್ಳೋ ಆಮೇಲಿನ ಮಾತು, ಮೊದಲು ದಾರಿ ಸರಿಯಿರಬೇಕು. ಕೇಬಲ್ಲಿನಲ್ಲಿ, ಅಂದರೆ ಗೂಢಲಿಪಿಯಲ್ಲಿ ರವಾನೆಯಾಗುವ ಅಧಿಕೃತ ತಂತಿಯಲ್ಲಿ ಬಂದಿದ್ದರೆ, ಅದು ಹತ್ತು ಮೇಜು ಸುತ್ತಿ, ಹತ್ತು ಸಹಿ ಪಡೆದು, ಯಾರಿಗೂ ನೋವಾಗದಂತೆ, ಯಾರಿಗೂ ಅರ್ಥವೂ ಆಗದಂತೆ ಹದಗೊಳ್ಳುತ್ತಿತ್ತು. ಇವರ ಕಾಗದವನ್ನೋ ಅಧ್ಯಕ್ಷರು ನಗುತ್ತಾ ಓದುತ್ತಾರಂತೆ! ಸರ್ಕಾರಿ ಬರಹಕ್ಕೆ ಇದಕ್ಕಿಂತ ಅಪಚಾರವುಂಟೆ?”

“ಹಾಗಾದರೆ 1962ರ ಅಕ್ಟೋಬರಿನಲ್ಲಿ, ಚೀನಾ ಭಾರತದ ಮೇಲೆ ನುಗ್ಗಿದಾಗ ನಾವೇನು ಮಾಡಿದೆವು?”

“ಕ್ಯೂಬಾದ ಕ್ಷಿಪಣಿಗಳನ್ನು ನೋಡುತ್ತಿದ್ದೆವು.”

ಗುಮಾಸ್ತರ ಕಳವಳ ಅನಗತ್ಯವಾಗಿತ್ತು, ಏಕೆಂದರೆ ಓದಿಸಿಕೊಂಡ ಪತ್ರವೆಲ್ಲ ಪಾಲನೆಯಾಗುವುದಿಲ್ಲ: 1965ರಲ್ಲಿ ಅಮೆರಿಕದ ಯುದ್ಧಪಡೆಗಳು ವಿಯೆಟ್ನಾಮಿನಲ್ಲಿ ಇಳಿದವು, 1998ರಲ್ಲಿ ಆ ಪತ್ರಗಳು ಪುಸ್ತಕವಾಗಿ ಹೊರಬಂದವು.