ಕೆಂಪು ದೀಪಕ್ಕೆ ಕಪ್ಪು ಬೊಟ್ಟು

ಕಾರಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಜನ ಮೊದಲು ಮಾಡುವ ರಿಪೇರಿ ಯಾವುದು ಗೊತ್ತೇ? ಬೆರಳ ಗೆಣ್ಣಿನಿಂದ ಗಾಜಿಗೆ ಟಕ್ ಟಕ್ ಅಂತ ಕುಟ್ಟುವುದು. ಆರಿದರೆ ‘ನೋಡಿದ್ರಾ’ ಅನ್ನುವುದು. ಆರದಿದ್ದರೆ ಇನ್ನೊಂದಿಷ್ಟು ಜೋರಾಗಿ ಕುಟ್ಟುವುದು. ರೇಡಿಯೊ ಕಾಲದಿಂದ ಬಂದ ವಿದ್ಯೆ, ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ.

ನಮ್ಮ ಷಡ್ಡಕರು ಈ ವಿದ್ಯೆಯಲ್ಲಿ ಪಾರಂಗತರು. ಬ್ಯಾಂಕಿನಿಂದ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಅವರ ಕಾರು 15 ವರ್ಷ ತುಂಬಿದ ಮೇಲೆ ಆರ್‌ಟಿಒ ಮುಂದೆ ಹಾಜರಾಗಿ, ಪರೀಕ್ಷೆ ಪಾಸಾಗಿ, ಇನ್ನೈದು ವರ್ಷ ಆಯುಸ್ಸು ಬರೆಸಿಕೊಂಡು ಬಂದದ್ದು. ಅದಕ್ಕೆ ಅವರು ಕೊಡುವ ಮರ್ಯಾದೆ ಮನೆಯ ಅಳಿಯನಿಗೂ ಸಿಕ್ಕಿಲ್ಲ. ಅಂಥ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಬ್ರೇಕಿನ ದೀಪ ಹತ್ತತೊಡಗಿತು. ಅದೂ ಹೇಗೆ? ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಹತ್ತುವುದು, ಕೆಳಗಿಳಿದು ನೇರ ರಸ್ತೆಗೆ ಬಂದರೆ ಆರುವುದು!

ಮನೆಯಲ್ಲಿ ಸಭೆ ಸೇರಿತು. “ತಾಯಿ ಏನೋ ಸೂಚನೆ ಕೊಡ್ತಿದ್ದಾಳೆ” ಅಂದರು ಅತ್ತಿಗೆ. “ಸೆನ್ಸರ್ ಹೋಗಿರುತ್ತೆ ಅಪ್ಪ” ಅಂತ ಬೆಂಗಳೂರಿನಿಂದ ಮಗ ಫೋನಿನಲ್ಲೇ ತೀರ್ಪು ಕೊಟ್ಟ. ಈಗಿನ ಹುಡುಗರಿಗೆ ಗೊತ್ತಿಲ್ಲದ್ದೆಲ್ಲ ಸೆನ್ಸರೇ. ಷಡ್ಡಕರು ಮಾತ್ರ, “ಅದಕ್ಕೆ ಸುಳ್ಳು ಹೇಳೋ ಚಾಳಿ ಹತ್ತಿದೆ ಕಣ್ರೀ” ಅಂತ ದೀಪದ ನಡತೆಯನ್ನೇ ಶಂಕಿಸಿದರು.

ಪಾಪ, ದೀಪದ ಪರವಾಗಿ ಎರಡು ಮಾತಾಡಬೇಕು. ಅದು ಜಗಲಿಯ ಮೇಲೆ ಕೂತ ಕಣ್ಣು ಮಂಜಾದ ಅಜ್ಜನ ಹಾಗೆ. ಗೇಟು ಕಿರ್ ಅಂದರೆ ‘ಯಾರದು’ ಅಂತ ಕೂಗುತ್ತದೆ. ಬಂದದ್ದು ಗಾಳಿಯೋ ಕಳ್ಳನೋ ಹೋಗಿ ನೋಡಬೇಕಾದವರು ನಾವು. ಬ್ರೇಕಿನ ದೀಪಕ್ಕೆ ಸಾಮಾನ್ಯವಾಗಿ ಅಂಥ ಗೇಟು ಎರಡು. ಒಂದು, ಹ್ಯಾಂಡ್‌ಬ್ರೇಕ್ ಲಿವರಿನ ಬುಡದ ಪುಟ್ಟ ಸ್ವಿಚ್ಚು. ಅದರೊಳಗೆ ಧೂಳು, ಚೆಲ್ಲಿದ ಕಾಫಿ, ಚಕ್ಕುಲಿಯ ಪುಡಿ ಸೇರಿದರೆ ಲಿವರು ಪೂರ್ತಿ ಕೆಳಗಿದ್ದರೂ ಮೇಲಿದೆ ಅಂತಲೇ ವರದಿ ಹೋಗುತ್ತದೆ. ಲಿವರನ್ನು ಕೈಯಲ್ಲಿ ಕೆಳಕ್ಕೆ ಒತ್ತಿದಾಗ ದೀಪ ಆರಿದರೆ ಇಲ್ಲಿನದೇ ಕಿತಾಪತಿ. ಇನ್ನೊಂದು, ಬಾನೆಟ್ಟಿನಡಿ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತೇಲುವ ಬಿರಡೆ. ಆಯಿಲ್ ಇಳಿದರೆ ಬಿರಡೆಯೂ ಇಳಿದು ದೀಪ ಹತ್ತುತ್ತದೆ. ಗೆರೆಯ ಅಂಚಿಗೆ ಬಂದು ನಿಂತಿದ್ದರಂತೂ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ವಾಲಿದಾಗ ಹತ್ತುತ್ತದೆ, ನೇರವಾದಾಗ ಆರುತ್ತದೆ. ಬೆಟ್ಟದ ಪವಾಡ ಇಷ್ಟೇ.

ಆದರೆ ಡಬ್ಬಿಯಿಂದ ಆಯಿಲ್ ಹೋದದ್ದೆಲ್ಲಿಗೆ? ಎಲ್ಲಾದರೂ ಸೋರಿರಬಹುದು. ಸೋರದಿದ್ದರೂ ಇಳಿಯುತ್ತದೆ: ಪ್ಯಾಡು ಸವೆದಷ್ಟೂ ಚಕ್ರದ ಬಳಿಯ ಪಿಸ್ಟನ್ನು ಮುಂದೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯ ಆಯಿಲ್ ಹೋಗಿ ತುಂಬಿಕೊಳ್ಳುತ್ತದೆ. ಬುದ್ಧಿವಂತರು ಇಲ್ಲೇ ಎಡವುವುದು. ಬಾಟಲಿ ತಂದು ಸುರಿಯುತ್ತಾರೆ, ದೀಪ ಆರುತ್ತದೆ, ಸಮಸ್ಯೆ ಮುಗಿಯಿತು ಅಂತ ಮತ್ತೆ ಬೆಟ್ಟ ಹತ್ತುತ್ತಾರೆ. ಹತ್ತುವುದೇನೋ ಸರಿ. ಇಳಿಯುವಾಗ ಬೇಕಾಗುವುದು ಬಾಟಲಿಯಲ್ಲ, ಪ್ಯಾಡು. ನಾವು ಸುಳ್ಳು ಅಂತ ಬೈಯುವ ದೀಪಗಳಲ್ಲಿ ಅರ್ಧಕ್ಕರ್ಧ ಹೀಗೆ ನಿಜ ಹೇಳಿ ಬೈಸಿಕೊಂಡವೇ ಅನ್ನುವುದು ನನ್ನ ಗುಮಾನಿ.

ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಬಂದರೆ ಮಾತ್ರ ಸಭೆ ಗಿಭೆ ಬೇಡ. ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಆಮೇಲೆ ಕಡ್ಡಿ ತೆಗೆದು ಆಯಿಲ್ ನೋಡಿ. ಹಳೇ ಗಾಡಿಗಳಲ್ಲಿ ಇದರ ಸ್ವಿಚ್ಚಿಗೆ ಹೆಚ್ಚಾಗಿ ಒಂದೇ ವೈರು. ಅದನ್ನು ಕಳಚಿದ ಮೇಲೂ ದೀಪ ಉರಿಯುತ್ತಿದ್ದರೆ ವೈರು ಎಲ್ಲೋ ಉಜ್ಜಿ ಬಾಡಿಗೆ ತಗಲುತ್ತಿದೆ ಅಂತ ಅರ್ಥ. ಕಳಚಿದಾಗ ಆರಿದರೆ ಒಂದೋ ಸ್ವಿಚ್ಚು ಹೋಗಿದೆ, ಇಲ್ಲವೋ ಆಯಿಲ್ ಪ್ರೆಷರೇ ಇಲ್ಲ. ಯಾವುದು ಅಂತ ಹೇಳಲು ಮೆಕ್ಯಾನಿಕ್ಕು ಗೇಜು ಹಾಕಿಯೇ ನೋಡಬೇಕು.

ಹಳದಿ ಎಂಜಿನ್ ದೀಪದ ವಿಚಾರದಲ್ಲಿ ಮಗನ ಸೆನ್ಸರ್ ಪುರಾಣಕ್ಕೆ ಕೊಂಚ ಬೆಲೆಯಿದೆ. ಸ್ಕ್ಯಾನರ್ ಚುಚ್ಚಿದರೆ ಪಿ0135 ಅಂತಲೋ ಏನೋ ಬರುತ್ತದೆ. ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಅದರ ಅರ್ಥವೇ ಹೊರತು ಹೊಸ ಸೆನ್ಸರ್ ಹಾಕು ಅಂತಲ್ಲ. ಫ್ಯೂಸು ಹೋಗಿರಬಹುದು, ಇಲಿ ಬಂದು ವೈರು ಕಡಿದಿರಬಹುದು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ. ಇಲಿಗಳಿಗೆ ಅದು ಅಡಿಕೆ ಎಲೆಯ ಜೊತೆ ಸಂದ ಮರ್ಯಾದೆಯೋ ಏನೋ. ಏರ್‌ಬ್ಯಾಗ್ ದೀಪಕ್ಕೆ ಎಷ್ಟೋ ಸಲ ಸೀಟಿನಡಿಯ ಹಳದಿ ಪ್ಲಗ್ಗು ಸಡಿಲವಾದದ್ದೇ ಕಾರಣ. ಅಲ್ಲಿಗೆ ಕೊಡೆ, ಚಪ್ಪಲಿ ತುರುಕಿದರೆ ಇನ್ನೇನಾದೀತು? ಹಾಗಂತ ಮಲ್ಟಿಮೀಟರ್ ಹಿಡಿದು ಆ ಪ್ಲಗ್ಗನ್ನು ಚುಚ್ಚಲು ಹೋಗಬೇಡಿ, ಏರ್‌ಬ್ಯಾಗೇ ಸಿಡಿದೀತು.

ಅತ್ತಿಗೆ ಸೂಚಿಸಿದ ಪರಿಹಾರ ಎಲ್ಲಕ್ಕಿಂತ ಅಗ್ಗದ್ದು: ದೃಷ್ಟಿಯಾಗಿದೆ, ದೀಪದ ಮೇಲೊಂದು ಕಪ್ಪು ಬೊಟ್ಟಿನ ಸ್ಟಿಕ್ಕರ್ ಅಂಟಿಸಿಬಿಡಿ. ನಗಬೇಡಿ, ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಕೆಲವರು ಮಾಡುವುದೂ ಇದನ್ನೇ; ಟೇಪು ಅಂಟಿಸುತ್ತಾರೆ, ಇಲ್ಲವೇ ಬಲ್ಬನ್ನೇ ಕೀಳುತ್ತಾರೆ. ಅದಕ್ಕೇ ಹಳೇ ಗಾಡಿ ಕೊಳ್ಳುವಾಗ ಕೀಲಿ ತಿರುಗಿಸಿ, ಎಂಜಿನ್ ಶುರು ಮಾಡುವ ಮೊದಲು ಮೀಟರು ನೋಡಬೇಕು. ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಹತ್ತಬೇಕಾದ ದೀಪ ಹತ್ತದಿದ್ದರೆ ಸೀದಾ ಮನೆಗೆ ಬನ್ನಿ.

ಕೊನೆಗೆ ಷಡ್ಡಕರು ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಚಕ್ರ ಬಿಚ್ಚಿ, ಬಿಸ್ಕತ್ತಿಗಿಂತ ತೆಳ್ಳಗಾದ ಪ್ಯಾಡು ಕೈಗಿತ್ತ. ದೀಪ ನಿರ್ದೋಷಿ ಅಂತ ಸಾಬೀತಾಯಿತು. ಬಿಲ್ಲು ಬಂತು. ಷಡ್ಡಕರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿ, ಕೊನೆಯ ಸಾಲಿಗೆ ಬೆರಳಿಟ್ಟರು.

“ಪ್ಯಾಡಿನ ದುಡ್ಡು ಸರಿ, ಹಾಕಿದ ಕೂಲಿ ಸರಿ. ದೀಪ ಸರಿಯಾಗೇ ಇತ್ತು ಅಂತೀಯ. ಮತ್ತೆ ಚೆಕಿಂಗ್ ಚಾರ್ಜು ಯಾತಕ್ಕಪ್ಪ?”

“ಅದು ದೀಪ ನೋಡಿದ್ದಕ್ಕಲ್ಲ ಸಾರ್,” ಅಂದ ಅವನು ಕೈ ಒರೆಸಿಕೊಳ್ಳುತ್ತ, “ಅದರ ಬಗ್ಗೆ ನೀವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಕ್ಕೆ.”