ಎತ್ತರಕ್ಕೆ ತಕ್ಕ ಸ್ನೇಹ

ನಾರ್ವೆಯ ಜನ ಅಪರಿಚಿತರೊಡನೆ ಸ್ನೇಹದಿಂದಿರುತ್ತಾರೆಯೇ? ಅಲ್ಲಿ ನೆಲೆಸಿದ ವಿದೇಶಿಯರಲ್ಲಿ ಕೆಲವರು ಹೌದೆನ್ನುತ್ತಾರೆ, ಇನ್ನು ಕೆಲವರು ಖಂಡಿತ ಇಲ್ಲವೆನ್ನುತ್ತಾರೆ. ಇಬ್ಬರ ಮಾತೂ ನಿಜ. ಮೊದಲನೆಯವರು ನಾರ್ವೇಜಿಯನ್ನರನ್ನು ಬೆಟ್ಟದಲ್ಲಿ ಕಂಡಿರುತ್ತಾರೆ, ಎರಡನೆಯವರು ಬಸ್ಸಿನಲ್ಲಿ. ಈ ಸ್ನೇಹ ಸಮುದ್ರಮಟ್ಟದಲ್ಲಿ ಅತಿ ಕಡಿಮೆ. ಎತ್ತರ ಏರಿದಷ್ಟೂ ಏರುತ್ತದೆ.

ಓಸ್ಲೋದ ಬಸ್ ನಿಲ್ದಾಣದಲ್ಲಿ ಮಳೆ ಸುರಿಯುತ್ತಿದ್ದರೂ ಜನ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ. ಬಸ್ಸಿನೊಳಗೆ ಇಬ್ಬರ ಸೀಟಿನಲ್ಲಿ ಒಬ್ಬರು, ಪಕ್ಕದಲ್ಲಿ ಅವರ ಚೀಲ. ಆಮೇಲೆ ಹತ್ತಿದವರು ನಿಂತೇ ಪ್ರಯಾಣ ಮುಗಿಸುವುದೂ ಉಂಟು. ಕಿಟಕಿ ಬದಿಯವರು ಇಳಿಯಬೇಕಾದರೆ ದಾರಿ ಬಿಡಿರೆಂದು ಬಾಯಿಬಿಡುವುದಿಲ್ಲ. ಚೀಲ ಎತ್ತಿಕೊಳ್ಳುತ್ತಾರೆ, ಜಾಕೆಟ್ಟಿನ ಜಿಪ್ ಎಳೆಯುತ್ತಾರೆ. ಪಕ್ಕದವರು ಸೂಚನೆ ಅರಿತು ಎದ್ದು ನಿಲ್ಲುತ್ತಾರೆ. ಮೂರು ಸ್ಟಾಪಿನೊಳಗೆ ಊರು, ಮಕ್ಕಳು, ಸಂಬಳ ಎಲ್ಲವನ್ನೂ ವಿಚಾರಿಸಿ ಮುಗಿಸುವ ಕನ್ನಡಿಗನಿಗೆ ಇದು ಮುನಿಸಿನಂತೆ ಕಾಣುತ್ತದೆ.

ಸಂಬಳವನ್ನಂತೂ ಅಲ್ಲಿ ಕೇಳಬೇಕಾಗಿಯೇ ಇಲ್ಲ. ಯಾರ ಆದಾಯವೆಷ್ಟು, ತೆರಿಗೆಯೆಷ್ಟು ಎಂಬುದನ್ನು ತೆರಿಗೆ ಇಲಾಖೆಯ ಜಾಲತಾಣದಲ್ಲಿ ಲಾಗಿನ್ ಆಗಿ ನೋಡಬಹುದು. ಆದರೆ 2014ರಿಂದ, ನೋಡಿದವರ ಹೆಸರು ನೋಡಿಸಿಕೊಂಡವರಿಗೂ ತಿಳಿಯುತ್ತದೆ. ಅಂದಿನಿಂದ ನೆರೆಹೊರೆಯವರ ಆದಾಯದ ಬಗೆಗಿನ ಕುತೂಹಲ ಗಣನೀಯವಾಗಿ ತಗ್ಗಿದೆ.

ಈ ಮೌನಕ್ಕೆ ಕಾರಣ ಜಂಬವಲ್ಲ. ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುವ ದೇಶವದು. 1973ರ ತೈಲ ಬಿಕ್ಕಟ್ಟಿನಲ್ಲಿ ವಾರಾಂತ್ಯಕ್ಕೆ ಕಾರು ಓಡಿಸಬಾರದೆಂದು ನಿಯಮ ಬಂದಾಗ ದೊರೆ ಐದನೆಯ ಓಲಾವ್ ಸ್ಕೀ ಹಿಡಿದು ಎಲ್ಲರಂತೆ ರೈಲು ಹತ್ತಿ, ಟಿಕೆಟ್ಟಿಗೆ ಹಣ ಚಾಚಿದ ಚಿತ್ರ ಅಲ್ಲಿ ಮನೆಮಾತು. ಕರ್ನಾಟಕದ ಸುಮಾರು ಎರಡು ಪಟ್ಟು ನೆಲದಲ್ಲಿ ಬೆಂಗಳೂರಿಗಿಂತ ಕಡಿಮೆ ಜನ, ಅಂದರೆ ಸುಮಾರು 56 ಲಕ್ಷ ಮಂದಿ, ಹರಡಿಕೊಂಡಿದ್ದಾರೆ. ಇನ್ನೊಬ್ಬರನ್ನು ಅವರ ಪಾಡಿಗೆ ಬಿಡುವುದೇ ಅಲ್ಲಿಯ ಮರ್ಯಾದೆ.

ಓಸ್ಲೋ ಮೆಟ್ರೋದ ಒಂದನೆಯ ಮಾರ್ಗ ಊರ ಮೇಲಿನ ಫ್ರೋಗ್ನರ್‌ಸೆತೆರೆನ್‌ನಲ್ಲಿ ಕೊನೆಗೊಳ್ಳುತ್ತದೆ. ದಾರಿಯುದ್ದಕ್ಕೂ ತುಟಿ ಬಿಚ್ಚದವರು ಅಲ್ಲಿಳಿದು ಕಾಡಿನ ಹಾದಿ ಹಿಡಿದ ಕೂಡಲೇ ಎದುರಾದವರಿಗೆಲ್ಲ 'ಹೈ' ಎನ್ನತೊಡಗುತ್ತಾರೆ. ಇನ್ನೂ ಮೇಲೆ ಹೋದರೆ ದಾರಿ ಹೇಳುತ್ತಾರೆ, ಹವಾಮಾನ ಹೇಳುತ್ತಾರೆ, ಚಾಕೊಲೇಟು ಮುರಿದು ಕೊಡುವವರೂ ಸಿಗುತ್ತಾರೆ. 1868ರಲ್ಲಿ ಹುಟ್ಟಿದ ಅಲ್ಲಿಯ ಚಾರಣ ಸಂಘಕ್ಕೆ ಬೆಟ್ಟಗುಡ್ಡಗಳಲ್ಲಿ ಐನೂರಕ್ಕೂ ಹೆಚ್ಚು ತಂಗುಮನೆಗಳಿವೆ. ಹಲವಕ್ಕೆ ಕಾವಲುಗಾರರಿಲ್ಲ; ಸದಸ್ಯರ ಬಳಿಯಿರುವ ಒಂದೇ ನಮೂನೆಯ ಕೀಲಿಯಿಂದ ಬಾಗಿಲು ತೆರೆಯುತ್ತದೆ. ಕೆಲವು ಮನೆಗಳ ಕಪಾಟಿನಲ್ಲಿ ದಿನಸಿಯೂ ಇರುತ್ತದೆ. ಬೇಕಾದ್ದನ್ನು ತೆಗೆದು, ಬೇಯಿಸಿ ತಿಂದು, ಲೆಕ್ಕ ಬರೆದು ಹಣ ಸಲ್ಲಿಸಿದರಾಯಿತು. ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟುಕೊಡಲು ಹಿಂಜರಿಯುವವರು ಇಲ್ಲಿ ಗುರುತೇ ಇಲ್ಲದವರೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ.

ಬೆಟ್ಟ ಹತ್ತಲಾರದವರಿಗೆ ಸಮುದ್ರಮಟ್ಟದಲ್ಲೂ ಒಂದು ಅವಕಾಶವಿದೆ: ದುಗ್ನಾದ್, ಎಂದರೆ ಎಲ್ಲರೂ ಸೇರಿ ಸಂಬಳವಿಲ್ಲದೆ ಮಾಡುವ ಕೆಲಸ. ವಸಂತ ಬಂದಾಗ ವಸತಿ ಸಮುಚ್ಚಯದವರೆಲ್ಲ ಅಂಗಳಕ್ಕಿಳಿದು ಒಣ ಎಲೆ ಬಾಚುತ್ತಾರೆ, ಬೇಲಿಗೆ ಬಣ್ಣ ಬಳಿಯುತ್ತಾರೆ, ಕೊನೆಗೆ ಕಾಫಿ ಕುಡಿಯುತ್ತಾರೆ. ಚಳಿಗಾಲವಿಡೀ ಮೆಟ್ಟಿಲಲ್ಲಿ ಬರಿದೇ ತಲೆಯಾಡಿಸಿದ ನೆರೆಯವರು ಅಂದು ಬೆನ್ನುನೋವಿನಿಂದ ಹಿಡಿದು ಅತ್ತೆಯವರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಕೈಗೆ ಕೆಲಸ, ಮಾತಿಗೆ ಕಾರಣ ಎರಡೂ ಸಿಕ್ಕರೆ ನಾರ್ವೇಜಿಯನ್ನರಷ್ಟು ಸಲೀಸಾಗಿ ಬೆರೆಯುವವರು ವಿರಳ. ಮರುದಿನ ಮೆಟ್ಟಿಲಲ್ಲಿ ಮತ್ತೆ ಬರೀ ತಲೆಯಾಡಿಸುವಿಕೆ. ಅದನ್ನು ಜಗಳವೆಂದು ತಿಳಿಯಬೇಕಿಲ್ಲ.

ಹೊಸದಾಗಿ ನಾರ್ವೆಗೆ ಹೊರಟವರು ಮೊದಲು ಒಂದು ಜೊತೆ ಒಳ್ಳೆಯ ಬೂಟು ಕೊಳ್ಳಲಿ, ದುಗ್ನಾದಿನ ದಿನ ತಪ್ಪದೆ ಅಂಗಳಕ್ಕಿಳಿಯಲಿ. ಅಲ್ಲಿಯ ಜನರ ಬಗ್ಗೆ ತೀರ್ಪು ಕೊಡುವ ಕೆಲಸವನ್ನು ಅಲ್ಲಿಯವರೆಗೆ ಮುಂದೂಡುವುದು ಕ್ಷೇಮ.