ಅಂಗುಲಿಸ್ಪರ್ಶ ಮೀಮಾಂಸೆ, ಅಥವಾ ತುಮಕೂರು ಸೀಮೆಯ ಲಿನಕ್ಸ್ ಟ್ಯಾಬ್ಲೆಟ್ ವಿಚಾರ

ಈ ಶಾಸ್ತ್ರದಲ್ಲಿ ಪ್ರಮಾಣಗಳು ಎರಡೇ: ಬೆರಳು ಮತ್ತು ಪರದೆ. ಮೌಸು ಪ್ರಮಾಣವಲ್ಲ. ಅದು ಡೆಸ್ಕ್‌ಟಾಪ್ ಎಂಬ ಪೂರ್ವಮೀಮಾಂಸೆಗೆ ಸೇರಿದ್ದು. ಮೌಸಿನ ಬಾಣದ ತುದಿ ಒಂದು ಚುಕ್ಕೆ. ಬೆರಳ ತುದಿಯೋ ಹಲವು ಚುಕ್ಕೆಗಳ ತುಂಬು ಸಂಸಾರ. ಕಿಟಕಿಯ ಮೂಲೆಯಲ್ಲಿರುವ ಗುಣಾಕಾರ ಚಿಹ್ನೆಯನ್ನು ಒತ್ತಹೋದ ಬೆರಳು ಪಕ್ಕದ ಚೌಕವನ್ನು ಒತ್ತಿ, ಮುಚ್ಚಬೇಕಾದ ಕಿಟಕಿಯನ್ನು ಪರದೆ ತುಂಬ ಹಿಗ್ಗಿಸುತ್ತದೆ. ಇದಕ್ಕೆ ನಾವು ‘ವಿಪರೀತಫಲ’ ಎಂದು ಹೆಸರಿಟ್ಟಿದ್ದೇವೆ. ಬೆರಳನ್ನು ದಪ್ಪನೆಯ ಮೌಸೆಂದು ಬಗೆದದ್ದೇ ಈ ಲೋಕದ ಮೂಲ ಅವಿದ್ಯೆ ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಮೊದಲು ದೇಶಲಕ್ಷಣ. ಇಂದಿನ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಸ್ಪರ್ಶವನ್ನು ಅರಿಯುತ್ತವೆ. ಗುಬ್ಬಿ ಸೀಮೆಯಲ್ಲಿ ಅಡಿಕೆ ಸುಲಿದು, ತೆಂಗಿನಕಾಯಿ ಸುಲಿದು ಜಡ್ಡುಗಟ್ಟಿದ ಬೆರಳನ್ನು ಅವು ಬೆರಳೆಂದೇ ಒಪ್ಪುವುದಿಲ್ಲ. ಇತ್ತ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸಿ, ಕೈ ತೊಳೆದು, ಒರೆಸಿಕೊಳ್ಳದೆ ಬಂದವನ ಒಂದೊಂದು ನೀರಹನಿಯನ್ನೂ ಬೆರಳೆಂದು ಎಣಿಸಿಬಿಡುತ್ತವೆ. ಅತಿಶುಷ್ಕ, ಅತ್ಯಾರ್ದ್ರ ಎಂಬ ಈ ಎರಡು ದೋಷಗಳಲ್ಲಿ ಎರಡನೆಯದಕ್ಕೆ ಪಂಚೆಯ ಅಂಚೇ ಪರಿಹಾರ. ಮೊದಲನೆಯದಕ್ಕೆ ಶಾಸ್ತ್ರ ಮೌನ.

ಇನ್ನು ದರ್ಶನಭೇದ. 2012ರ ಮಾರ್ಚ್‌ವರೆಗೆ ಲಿನಕ್ಸಿನಲ್ಲಿ ಪರದೆ, ಮೌಸುಗಳ ವ್ಯವಹಾರ ನೋಡುವ ಎಕ್ಸ್ ಸರ್ವರ್ ಶುದ್ಧ ಅದ್ವೈತಿಯಾಗಿತ್ತು. ಎಷ್ಟು ಬೆರಳಿಟ್ಟರೂ ಅದರ ಪಾಲಿಗೆ ಸತ್ಯವಾದದ್ದು ಒಂದೇ ಬಾಣ. ಆ ತಿಂಗಳು ಹೊರಬಂದ 1.12ನೇ ಆವೃತ್ತಿ ಪ್ರತಿ ಬೆರಳಿಗೂ ಪ್ರತ್ಯೇಕ ಅಸ್ತಿತ್ವ ಕೊಟ್ಟು ದ್ವೈತವನ್ನು ಸ್ಥಾಪಿಸಿತು. ಆದರೆ ಹಳೆಯ ತಂತ್ರಾಂಶಗಳು ಮತಾಂತರಗೊಳ್ಳಲಿಲ್ಲ. ಅವುಗಳ ಸಮಾಧಾನಕ್ಕೆಂದು ಸರ್ವರು ಇಂದಿಗೂ ಮೊದಲ ಬೆರಳನ್ನು ಮೌಸಿನ ವೇಷ ಹಾಕಿಸಿಯೇ ಒಳಗೆ ಕಳಿಸುತ್ತದೆ.

ವೇಷವೆಂದ ಮೇಲೆ ಗುಬ್ಬಿ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದದ್ದು ಪ್ರಸಿದ್ಧ. ಪರದೆ ಮೇಲಕ್ಕೇಳದೆ ನಾಟಕವಿಲ್ಲ ಎಂಬ ಕಂಪನಿ ನಾಟಕದ ತತ್ತ್ವವನ್ನು ಗ್ನೋಮ್ ಡೆಸ್ಕ್‌ಟಾಪಿನವರು 2012ರ ತಮ್ಮ 3.6ನೇ ಆವೃತ್ತಿಯಲ್ಲಿ ಹಾಗೆಯೇ ಎತ್ತಿಕೊಂಡರು. ಬೀಗ ಬಿದ್ದ ಪರದೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರೆ ಪಾಸ್‌ವರ್ಡ್ ಕೇಳುವ ಪಾತ್ರದ ಪ್ರವೇಶವಾಗುತ್ತಿತ್ತು. ಬೆರಳಿಗೆ ಇದು ಸೊಗಸಾಗಿತ್ತು. ಆದರೆ ಮೌಸು ಹಿಡಿದವರೂ ಪರದೆ ಎಳೆಯಬೇಕಾಗಿ ಬಂದಾಗ ಗೊಣಗಾಟ ಎದ್ದಿತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ‘ಗುಬ್ಬಿ’ ಎಂಬ ಕನ್ನಡ ಅಕ್ಷರಶೈಲಿ ಇರುವುದನ್ನು ತೋರಿಸಿ, ಇದೂ ನಮ್ಮೂರಿನ ಕೊಡುಗೆಯೇ ಎಂದು ವಾದಿಸುವ ಪಂಡಿತರು ಹುಟ್ಟಬಹುದು. ಅದರ ಜೊತೆಗಾರ ಶೈಲಿಯ ಹೆಸರು ‘ನವಿಲು’ ಎಂಬುದರಿಂದ ಆ ವಾದ ಬಿದ್ದುಹೋಗುತ್ತದೆ. ಎರಡೂ ಹಕ್ಕಿಗಳು.

ಕುಣಿಗಲ್ ವಿಚಾರ ಗಹನವಾದದ್ದು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರದು. ಬಲಲಗಾಮು ಎಳೆದರೆ ಕುದುರೆ ಬಲಕ್ಕೇ ತಿರುಗಬೇಕೆಂದು ಅಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಎಕ್ಸ್ ನಂಬಿದ ಟ್ಯಾಬ್ಲೆಟ್ ಮಾತ್ರ ಇದನ್ನು ಒಪ್ಪದು. ಚಿತ್ರವನ್ನು ಉದ್ದಕ್ಕೆ ಹೊರಳಿಸಿದರೂ ಸ್ಪರ್ಶ ಹಳೆಯ ದಿಕ್ಕಿನಲ್ಲೇ ಉಳಿದು, ಬೆರಳು ಬಲಕ್ಕೆ ಸರಿದರೆ ಬಾಣ ಮೇಲಕ್ಕೋ ಕೆಳಕ್ಕೋ ಓಡುತ್ತದೆ. ಇದರ ನಿವಾರಣೆಗೆ ಒಂಬತ್ತು ಅಂಕಿಗಳ ಒಂದು ಕೋಷ್ಟಕವುಂಟು. ಪರದೆ ಬಲಕ್ಕೆ ಹೊರಳಿದ್ದರೆ ಅದು 0 1 0 -1 0 1 0 0 1 ಎಂದಿರಬೇಕು. ಒಂಬತ್ತು ಎಂದೊಡನೆ ನವಗ್ರಹಶಾಂತಿ ನೆನಪಾಗುವುದು ಸಹಜ. ಪರದೆ ಹೇಗೆ ಹೊರಳಿದರೂ ಕೊನೆಯ 0 0 1 ಮಾತ್ರ ಜಾಗ ಬಿಡುವುದಿಲ್ಲ. ಅವು ಕ್ರಮವಾಗಿ ಶನಿ, ರಾಹು, ಕೇತು. ಎಕ್ಸ್ ಜಾಗಕ್ಕೆಂದು 2008ರಲ್ಲಿ ಶುರುವಾದ ವೇಲ್ಯಾಂಡ್ ಬೇರೂರಿದ ಮೇಲೆ ಈ ಶಾಂತಿಕರ್ಮ ಬಹುಮಟ್ಟಿಗೆ ಲೋಪವಾಗಿದೆ. ಪುರೋಹಿತರಿಗೆ ನಷ್ಟ.

ಇಲ್ಲೊಂದು ಪೂರ್ವಪಕ್ಷ: ಮುಟ್ಟುವ ಪರದೆ, ಮುಕ್ತ ತಂತ್ರಾಂಶ ಎರಡೂ ಪರದೇಶದವು, ನಮ್ಮ ಸೀಮೆಗೆ ಒಗ್ಗುವುದಿಲ್ಲ. ಖಂಡನೆ: ತುಮಕೂರಿಗೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಕೂಡಿ 2001ರ ಹೊತ್ತಿಗೇ ಸಿಂಪ್ಯೂಟರ್ ರೂಪಿಸಿದ್ದರು. ಕೈಯಲ್ಲಿ ಹಿಡಿಯುವ ಯಂತ್ರ, 206 ಮೆಗಾಹರ್ಟ್ಸ್ ಪ್ರೊಸೆಸರ್, ಒಳಗೆ ಲಿನಕ್ಸ್, ಕಡ್ಡಿಯಿಂದ ಮುಟ್ಟುವ ಪರದೆ. ಊರಿಗೊಂದು ಯಂತ್ರವಿದ್ದು, ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಲಿ ಎಂಬ ಕಲ್ಪನೆ. ಓದಲು ಬಾರದವರಿಗಾಗಿ ಕನ್ನಡವನ್ನು ಗಟ್ಟಿಯಾಗಿ ಓದುವ ‘ಧ್ವನಿ’ ತಂತ್ರಾಂಶವೂ ಅದಕ್ಕೆಂದೇ ಹುಟ್ಟಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ‘ಅಮಿಡ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಐಫೋನ್ ಬಂದದ್ದು 2007ರಲ್ಲಿ, ಐಪ್ಯಾಡ್ 2010ರಲ್ಲಿ. ಸಿಂಪ್ಯೂಟರ್ ಮಾಡಿದವರು ಬೆರಳನ್ನೂ ಕಡ್ಡಿಯನ್ನೂ ಮೊದಲು ನೆನೆದು ಆಮೇಲೆ ಯಂತ್ರ ಕಟ್ಟಿದರು. ಡೆಸ್ಕ್‌ಟಾಪಿನವರು ಎಲ್ಲ ಕಟ್ಟಿ ಮುಗಿಸಿ ಕೊನೆಗೆ ಬೆರಳನ್ನು ನೆನೆದರು. ಕೊಳ್ಳುವವರು ಮಾತ್ರ ಸಿಂಪ್ಯೂಟರನ್ನು ಕೈಬಿಟ್ಟರು. ಈಗ ಗುಬ್ಬಿಯ ಸಂತೆಯಲ್ಲಿ ಆಂಡ್ರಾಯ್ಡ್ ಫೋನು ಸವರುತ್ತ, ಲಿನಕ್ಸ್ ಎಂದರೇನೆಂದು ಕೇಳುವವರ ಅಂಗೈಯಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ.

ಕೊನೆಗೆ ಪ್ರಯೋಗವಿಧಿ. ಇಂಟೆಲ್ ಬೇ ಟ್ರೇಲ್ ಚಿಪ್ಪಿನ ಹಳೆಯ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ 64 ಬಿಟ್ಟಿನ ದೇಹಕ್ಕೆ 32 ಬಿಟ್ಟಿನ ಫರ್ಮ್‌ವೇರ್ ಕಟ್ಟಿದ ವಿಷಮ ದಾಂಪತ್ಯವೇ ಹೆಚ್ಚು. ಅಂಥವಕ್ಕೆ ಡೆಬಿಯನ್ 8ರಿಂದೀಚೆಗೆ ದಾರಿಯಿದೆ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೆ ಡೆಸ್ಕ್‌ಟಾಪ್ ಏಳುವ ಮೊದಲೇ ಪಾಸ್‌ವರ್ಡ್ ಕೇಳುತ್ತದೆ, ಆ ಹೊತ್ತಿಗೆ ಪರದೆಯ ಮೇಲೆ ಕೀಲಿಮಣೆ ಸಾಮಾನ್ಯವಾಗಿ ಮೂಡುವುದಿಲ್ಲ. ಆದ್ದರಿಂದ ಜಿಜ್ಞಾಸುಗಳು ಇರುವುದನ್ನು ಅಳಿಸುವ ಮುನ್ನ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಸ್ಪರ್ಶ, ಹೊರಳಿಕೆ, ವೈಫೈಗಳನ್ನು ಪರೀಕ್ಷಿಸತಕ್ಕದ್ದು. ಚೀಲದಲ್ಲೊಂದು ಯುಎಸ್‌ಬಿ ಕೀಲಿಮಣೆಯೂ ಇರತಕ್ಕದ್ದು.